ಬೋಳು ಧ್ವಜಕಂಬ

ಕೇಳುಗರಿಗೆಲ್ಲ ನಮಸ್ಕಾರ.

ಸಾವಿನ ಮನೆಗೆ ಹೋಗಿ ಬಂದವರು ದಾರಿಯಲ್ಲಿ ಪಿಸುಗುಡುವ ಮಾತೊಂದಿದೆ. 'ನೋಡಿದ್ರಾ, ಆಕೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ.' ನೀವೂ ಕೇಳಿರ್ತೀರಿ, ಅಲ್ವಾ? 1997ರಲ್ಲಿ ಬ್ರಿಟನ್ನಿನ ಜನ ಇಂಥದೇ ಮಾತನ್ನು ಗಟ್ಟಿಯಾಗಿಯೇ ಆಡಿದರು. ಸತ್ತವಳು ಡಯಾನಾ. ಅಳದ ಅತ್ತೆ, ರಾಣಿ ಎರಡನೇ ಎಲಿಜಬೆತ್. ಆ ವಾರದ ಕತೆಯೇ 2006ರ 'ದಿ ಕ್ವೀನ್' ಸಿನಿಮಾ.

ಆಗಸ್ಟ್ 31ರ ನಸುಕಿನಲ್ಲಿ ಪ್ಯಾರಿಸ್ಸಿನ ಸುರಂಗದಲ್ಲಿ ಕಾರು ಅಪಘಾತ. ರಾಣಿಯ ಮಗ ಚಾರ್ಲ್ಸ್‌ನಿಂದ ಡಯಾನಾಗೆ ವಿಚ್ಛೇದನವಾಗಿ ಒಂದು ವರ್ಷ ಕಳೆದಿತ್ತಷ್ಟೇ. ರಾಣಿ ಆಗ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ, ತಾಯಿ ಇಲ್ಲದಂತಾದ ಇಬ್ಬರು ಮೊಮ್ಮಕ್ಕಳ ಜೊತೆ. ಲಂಡನ್ನಿಗೆ ಬರಲಿಲ್ಲ.

ಜಗಳ ಹತ್ತಿದ್ದು ಬಾವುಟದ ಮೇಲೆ. ಬಕಿಂಗ್‌ಹ್ಯಾಮ್ ಅರಮನೆಯ ಮೇಲೆ ಆಗ ರಾಜಧ್ವಜ ಮಾತ್ರ ಹಾರುತ್ತಿತ್ತು, ಅದೂ ರಾಣಿ ಅಲ್ಲಿದ್ದರೆ. ಇಲ್ಲದಿದ್ದರೆ ಕಂಬ ಬೋಳು. ಸ್ವತಃ ರಾಜನೇ ಸತ್ತರೂ ಆ ಧ್ವಜವನ್ನು ಅರ್ಧಕ್ಕೆ ಇಳಿಸುವಂತಿಲ್ಲ. ಒಬ್ಬರು ಕಣ್ಣು ಮುಚ್ಚಿದ ಗಳಿಗೆಯೇ ಇನ್ನೊಬ್ಬರು ದೊರೆ. ಒಳಗಿನವರಿಗೆ ಅದು ನಿಯಮ. ಗೇಟಿನ ಮುಂದೆ ಹೂವು ರಾಶಿ ಹಾಕುತ್ತಿದ್ದವರಿಗೆ ಬರೀ ಸೊಕ್ಕು.

ನಿರ್ದೇಶಕ ಸ್ಟೀಫನ್ ಫ್ರಿಯರ್ಸ್ ಇಬ್ಬರ ಪರವೂ ವಕಾಲತ್ತು ವಹಿಸುವುದಿಲ್ಲ. ರಾಣಿಯ ದೃಶ್ಯಗಳನ್ನು 35 ಎಂಎಂ ಫಿಲ್ಮಿನಲ್ಲಿ, ಆಗಿನ ಪ್ರಧಾನಿ ಟೋನಿ ಬ್ಲೇರ್ ಮನೆಯದನ್ನು 16 ಎಂಎಂನಲ್ಲಿ ತೆಗೆದಿದ್ದಾರೆ. ಒಂದು ನುಣುಪು, ಇನ್ನೊಂದು ತರಿತರಿ. ರಾಣಿಯ ಗಂಡ ಫಿಲಿಪ್‌ನನ್ನು ಮಾತ್ರ ಸ್ವಲ್ಪ ಜಾಸ್ತಿಯೇ ಒರಟು ಮಾಡಿದ್ದಾರೆ ಅಂತ ನನಗನ್ನಿಸಿತು.

ಒಂದು ದೃಶ್ಯ ಹೇಳಲೇಬೇಕು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ರಾಣಿ ಒಬ್ಬಳೇ ಲ್ಯಾಂಡ್ ರೋವರ್ ಓಡಿಸಿಕೊಂಡು ಹೋಗುತ್ತಾಳೆ. ಹೊಳೆಯಲ್ಲಿ ಗಾಡಿ ಕೆಟ್ಟು ನಿಲ್ಲುತ್ತದೆ. ಫೋನ್ ಮಾಡಿ ಕಾಯುತ್ತಾ ಕೂರುತ್ತಾಳೆ. ಆಮೇಲೆ ಅಳುತ್ತಾಳೆ. ಕ್ಯಾಮೆರಾಕ್ಕೆ ಬೆನ್ನು. ನಮಗೆ ಕಾಣುವುದು ಅಲುಗುವ ಹೆಗಲು ಮಾತ್ರ. ತಿರುಗಿದರೆ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ನಿಂತಿದೆ. ಬೇಟೆಗಾರರ ಸದ್ದು ಕೇಳಿ, ಹೋಗು ಹೋಗು ಎಂದು ಅದನ್ನು ಓಡಿಸುತ್ತಾಳೆ. ಜಿಂಕೆ ಉಳಿಯುವುದಿಲ್ಲ, ಅದು ಬೇರೆ ಮಾತು. ಹೆಲೆನ್ ಮಿರೆನ್‌ಗೆ ಆಸ್ಕರ್ ತಂದುಕೊಟ್ಟ ಪಾತ್ರ ಇದು. ಆದರೆ ಆಕೆ ಅಳುವಾಗ ಮುಖವನ್ನೇ ನಮಗೆ ಬಿಟ್ಟುಕೊಡದ ನಿರ್ದೇಶಕನಿಗೂ ಒಂದು ಶಹಬ್ಬಾಸ್ ಸಲ್ಲಬೇಕು.

ಕೊನೆಗೆ ರಾಣಿ ಮಣಿದಳು. ಸೆಪ್ಟೆಂಬರ್ 5ರಂದು ಲಂಡನ್ನಿಗೆ ಬಂದು ಟಿವಿಯಲ್ಲಿ ನೇರವಾಗಿ ಮಾತಾಡಿದಳು. ಮರುದಿನ ಶವಸಂಸ್ಕಾರ; ಅರಮನೆಯ ಕಂಬದ ಮೇಲೆ ದೇಶದ ಬಾವುಟ ಅರ್ಧಕ್ಕೆ ಹಾರಿತು.

ಸಿನಿಮಾದಲ್ಲಿ, ಭಾಷಣಕ್ಕೆ ಮುಂಚೆ ಆಕೆ ಗೇಟಿನ ಬಳಿಯ ಹೂರಾಶಿಯ ಪಕ್ಕ ನಡೆಯುತ್ತಾಳೆ. ಚೀಟಿಗಳನ್ನು ಓದುತ್ತಾಳೆ, ಕೆಲವು ಅವಳನ್ನೇ ಚುಚ್ಚುವಂಥವು. ಹೂಗುಚ್ಛ ಹಿಡಿದ ಒಬ್ಬ ಪುಟ್ಟ ಹುಡುಗಿಯನ್ನು ನೋಡಿ, ನಾನು ಇಟ್ಟು ಬರಲಾ ಎಂದು ಕೇಳುತ್ತಾಳೆ. ಹುಡುಗಿ ಬೇಡ ಅನ್ನುತ್ತಾಳೆ. ರಾಣಿಯ ಮುಖ ಸಣ್ಣಗಾಗುತ್ತದೆ.

ಇದು ನಿಮಗೇ ತಂದದ್ದು ಅನ್ನುತ್ತಾಳೆ ಹುಡುಗಿ.