ಬೆಣೆ ಕೊನೆಗೆ, ಅಳತೆ ಮೊದಲು
ಈಗ ನೋಡ್ತಿರೋದು ನಮ್ಮ ಹಾಯಿದೋಣಿಯ ಡೆಕ್. ನಡುವೆ ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ. ಅದರ ಸುತ್ತ ಬೆರಳು ತೂರುವಷ್ಟು ಸಂದು. ಬಗ್ಗಿ ನೋಡಿದರೆ ಕೆಳಗಿನ ಕ್ಯಾಬಿನ್ ನೆಲ ಕಾಣುತ್ತದೆ. ಆ ಸಂದಿಗೆ ಬೆಣೆ ಕೂರಿಸುವುದು ಇವತ್ತಿನ ಕೆಲಸ.

ಕೆಲವು ದೋಣಿಗಳಲ್ಲಿ ಮಾಸ್ಟ್ ಡೆಕ್ ಮೇಲೆಯೇ ನಿಂತಿರುತ್ತದೆ. ನಮ್ಮದು ಡೆಕ್ಕನ್ನು ಹಾದು ಕೆಳಗಿಳಿದು ಕೀಲ್, ಅಂದರೆ ದೋಣಿಯ ತಳದ ಬೆನ್ನೆಲುಬಿನ ಮೇಲೆ ಕೂರುತ್ತದೆ. ಭಾರ ಹೊರುವುದು ಕೀಲ್, ಅಲುಗಾಡದಂತೆ ಹಿಡಿಯುವುದು ಡೆಕ್. ಸಂದು ಹಾಗೇ ಬಿಟ್ಟರೆ ಅಲೆ ಜಾಸ್ತಿಯಾದಾಗ ಮಾಸ್ಟ್ ಡೆಕ್ಕಿನ ಅಂಚಿಗೆ ಬಡಿಯುತ್ತದೆ, ನಡು ಹಿಂದೆ ಮುಂದೆ ಬಾಗಿ ಕುಣಿಯುತ್ತದೆ. ಅಲ್ಯೂಮಿನಿಯಂ ಮಾಸ್ಟಿಗೆ ಅದು ಒಳ್ಳೆಯದಲ್ಲ.

ಎಲ್ಲರಿಗೂ ಬೆಣೆ ಹೊಡೆಯುವ ಆತುರ. ಆದರೆ ಸೊಟ್ಟ ನಿಂತ ಮಾಸ್ಟಿಗೆ ಬೆಣೆ ಹಾಕಿದರೆ ಸೊಟ್ಟವೇ ಗಟ್ಟಿಯಾಗುತ್ತದೆ, ಅಲ್ವಾ? ಅದಕ್ಕೇ ಮೊದಲು ಅಳತೆ. ಬುಡ ದೋಣಿಯ ನಡುಗೆರೆಯಲ್ಲಿ ಇದೆಯಾ ನೋಡಿ. ಮಾಸ್ಟನ್ನು ಎರಡೂ ಬದಿಯಿಂದ ಹಿಡಿದಿರುವ ತಂತಿಗಳನ್ನು ಕೈಯಲ್ಲಿ ತಿರುಗಿಸುವಷ್ಟೇ ಬಿಗಿ ಮಾಡಿ. ಆಮೇಲೆ ದೊಡ್ಡ ಹಾಯಿಯನ್ನು ಏರಿಸುವ ಹಗ್ಗದ ತುದಿಯನ್ನು ಒಂದು ಬದಿಯ ತಂತಿ ಡೆಕ್ಕಿಗೆ ಸೇರುವ ಕಡೆ ತಂದು, ಸರಿಯಾಗಿ ಮುಟ್ಟುವಂತೆ ಎಳೆದು, ಇನ್ನೊಂದು ತುದಿಯನ್ನು ಕಟ್ಟಿಬಿಡಿ. ಅದೇ ಉದ್ದದಲ್ಲಿ ಆಚೆ ಬದಿಗೆ ಒಯ್ಯಿರಿ. ಅಲ್ಲೂ ಅಷ್ಟೇ ಮುಟ್ಟಿದರೆ ಮಾಸ್ಟಿನ ತುದಿ ನಡುವಿನಲ್ಲಿದೆ. ಮುಟ್ಟದಿದ್ದರೆ ಮಾಸ್ಟ್ ಮೊದಲ ಬದಿಗೆ ವಾಲಿದೆ. ಮೊದಲ ಬದಿಯ ತಂತಿ ಸಡಿಲಿಸಿ, ಆಚೆ ಬದಿಯದು ಬಿಗಿ ಮಾಡಿ.

ಹಿಂದಕ್ಕೆ ಎಷ್ಟು ವಾಲಬೇಕು ಅನ್ನೋದು ದೋಣಿಗೆ ತಕ್ಕ ಹಾಗೆ. ಅದನ್ನು ಅಳೆಯಲು ಅದೇ ಹಗ್ಗಕ್ಕೆ ಒಂದು ತೂಕ ಕಟ್ಟಿ ಇಳಿಬಿಟ್ಟೆ. ನೋಡಿ, ಸುಮ್ನೆ ನಿಲ್ಲುವುದೇ ಇಲ್ಲ! ಕೆಳಗೆ ಬಕೆಟ್ ನೀರಿಟ್ಟು ತೂಕವನ್ನು ಅದರಲ್ಲಿ ಮುಳುಗಿಸಿದರೆ ತೂಗಾಟ ನಿಲ್ಲುತ್ತದೆ. 12 ಮೀಟರ್ ಮಾಸ್ಟ್ 1 ಡಿಗ್ರಿ ವಾಲಿದರೂ ತುದಿ ಸುಮಾರು 21 ಸೆಂ.ಮೀ. ಹಿಂದೆ ಹೋಗುತ್ತದೆ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಈಗ ಬೆಣೆ. ಮರದ್ದು ಹಳೆಯ ಪದ್ಧತಿ. ಸುತ್ತಲೂ ರಬ್ಬರಿನಂಥ ದ್ರವ ಸುರಿದು ಗಟ್ಟಿಯಾಗಲು ಬಿಡುವುದೂ ಇದೆ. ಅದು ಚೆನ್ನಾಗಿ ಕೂರುತ್ತದೆ, ಆದರೆ ಸುರಿಯುವ ಮುನ್ನ ಮಾಸ್ಟಿಗೆ ವ್ಯಾಸಲೀನ್ ಸವರಬೇಕು. ಇಲ್ಲದಿದ್ದರೆ ಮಾಸ್ಟ್ ಬಿಚ್ಚುವ ದಿನ ಪಾಡು ಬೇಡ. ನನಗೆ ಗಟ್ಟಿ ರಬ್ಬರ್ ತುಂಡುಗಳೇ ಇಷ್ಟ. ಸಂದಿಗಿಂತ ತುಸು ದಪ್ಪವಿರಬೇಕು. ಹಾಗಂತ ಗುದ್ದಲಿ ಕಾವಿಗೆ ಬೆಣೆ ಬಡಿದ ಹಾಗೆ ಸುತ್ತಿಗೆ ಎತ್ತಬೇಡಿ. ಮೊದಲು ಮುಂದಿನ ತುಂಡು ಇಡಿ. ಪಟ್ಟಿ ಸುತ್ತಿ ರಾಟೆಯಿಂದ ಮಾಸ್ಟನ್ನು ಮುಂದಕ್ಕೆ ಎಳೆಯಿರಿ, ರಬ್ಬರ್ ಅದುಮಿಕೊಳ್ಳುತ್ತದೆ. ಹಿಂದೆ ಸಂದು ಅಗಲವಾಗುತ್ತದೆ. ಹಿಂದಿನ ತುಂಡಿಗೆ ಸೋಪಿನ ನೀರು ಹಚ್ಚಿ ಒಳಗೆ ತಳ್ಳಿ, ಎಳೆತ ಬಿಡಿ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಹಾಳಾಗುತ್ತದೆ. ಕೊನೆಗೆ ಅಕ್ಕಪಕ್ಕದ ತುಂಡುಗಳು.

ಡೆಕ್ ಬಳಿ ಮಾಸ್ಟನ್ನು ಮುಂದೆ ತಳ್ಳಿದಷ್ಟೂ ಅದರ ಕೆಳಭಾಗ ಮುಂದಕ್ಕೆ ಬಾಗಿ ಹಾಯಿ ಚಪ್ಪಟೆಯಾಗುತ್ತದೆ. ಹಾಗಾಗಿ ಮುಂದೆ ಹಿಂದೆ ಎಷ್ಟು ದಪ್ಪದ ತುಂಡು ಅನ್ನೋದು ಕೂಡ ಹೊಂದಾಣಿಕೆಯೇ. ತಂತಿಗಳನ್ನು ಪೂರ್ತಿ ಬಿಗಿ ಮಾಡುವುದು ಇದೆಲ್ಲ ಮುಗಿದ ಮೇಲೆ. ಆಗ ಹಾಯಿ ಜಾರುವ, ಮಾಸ್ಟಿನ ಉದ್ದಕ್ಕಿರುವ ಸೀಳಿಗೆ ಕಣ್ಣು ಹಚ್ಚಿ ಮೇಲಕ್ಕೆ ನೋಡಿ. ಅಕ್ಕಪಕ್ಕಕ್ಕೆ ಅಂಕುಡೊಂಕು ಕಾಣಬಾರದು.

ಬಹಳ ಜನ ಮರೆಯುವುದು ಡೆಕ್ಕಿನ ಕೆಳಗಿರುವ ಈ ರಾಡನ್ನು. ಡೆಕ್ ಮೇಲೆ ಮಾಸ್ಟಿನ ಪಕ್ಕದಲ್ಲಿರುವ ರಾಟೆಗಳ ಮೂಲಕ ಹಗ್ಗ ಎಳೆದಾಗಲೆಲ್ಲ ಅವು ಡೆಕ್ಕನ್ನು ಮೇಲಕ್ಕೆತ್ತುತ್ತವೆ. ಡೆಕ್ಕನ್ನು ಮಾಸ್ಟಿಗೆ ಕೆಳಗಿನಿಂದ ಕಟ್ಟಿ ಹಿಡಿಯುವುದು ಈ ರಾಡೇ.

ಇನ್ನು ನೀರು. ಅದನ್ನು ತಡೆಯುವುದು ಬೆಣೆಯ ಕೆಲಸವಲ್ಲ. ಅದಕ್ಕೆ ಮೇಲೆ ರಬ್ಬರ್ ಹೊದಿಕೆ ಸುತ್ತಿ, ಮೇಲೊಂದು ಕೆಳಗೊಂದು ಕ್ಲ್ಯಾಂಪ್ ಬಿಗಿದು, ಬಿಸಿಲಿಗೆ ಬಟ್ಟೆ ಮುಚ್ಚುತ್ತೇನೆ. ಇಷ್ಟಾದರೂ ಕ್ಯಾಬಿನ್ನಿನಲ್ಲಿ ನೀರು ಕಂಡರೆ ಹೊದಿಕೆಯನ್ನೇ ಬೈಯಬೇಡಿ. ಹಗ್ಗ ಹೊರಬರುವ ತೂತುಗಳಿಂದ ಮಳೆನೀರು ಮಾಸ್ಟಿನ ಒಳಗೇ ಇಳಿಯುತ್ತದೆ. ಅದು ಹೊರಹೋಗಲು ಬುಡದಲ್ಲಿ ಒಂದು ಸಣ್ಣ ತೂತಿದೆ. ತಂತಿ ಹಾಕಿ ಆಡಿಸಿ, ಕಸ ಕಟ್ಟಿಕೊಂಡಿದ್ದರೆ ತೆಗೆಯಿರಿ.