ಗೋಕು ಕೂಗುವಷ್ಟು ಹೊತ್ತು

ಎಲ್ಲರಿಗೂ ನಮಸ್ಕಾರ.

ಚಿಕ್ಕಂದಿನಲ್ಲಿ ನೋಡಿದ ಅನಿಮೆಗಳು, ಅಂದರೆ ಜಪಾನಿನ ಕಾರ್ಟೂನ್‌ಗಳು, ಈಗ ಅವನ್ನೇ ನಿಜವಾದ ನಟರನ್ನಿಟ್ಟು ಮಾಡುತ್ತಿರುವ ಲೈವ್ ಆಕ್ಷನ್ ಸಿನಿಮಾ, ಸರಣಿಗಳು. ಇವತ್ತು ಇವೆರಡರ ಬಗ್ಗೆ ಮಾತಾಡುತ್ತೇನೆ. ನಮಗೆ ಇಷ್ಟವಾದ ಅನಿಮೆಯೊಂದು ಲೈವ್ ಆಕ್ಷನ್ ಆಗುತ್ತಿದೆ ಎಂಬ ಸುದ್ದಿ ಬಂದಾಗ ಮೊದಲು ಹುಟ್ಟುವುದು ಭಯ. 'ಅಯ್ಯೋ, ಇದನ್ನೂ ಕೆಡಿಸ್ತಾರಾ?' ಅಂತ. ಆಮೇಲೆ ಫೋಟೋ ಬರುತ್ತದೆ. ಕೂದಲು ಸರಿಯಿಲ್ಲ, ಮೂಗು ಸರಿಯಿಲ್ಲ, ಬಟ್ಟೆ ಬಾಡಿಗೆಗೆ ತಂದ ಹಾಗಿದೆ ಅಂತ ಜಗಳ ಶುರುವಾಗುತ್ತದೆ. ನನ್ನ ಪ್ರಕಾರ ಈ ಜಗಳ ತಪ್ಪು ಜಾಗದಲ್ಲಿ ನಡೆಯುತ್ತಿದೆ. ಲೈವ್ ಆಕ್ಷನ್ ಕಳೆದುಹಾಕುವುದು ಮುಖವನ್ನಲ್ಲ, ಹೊತ್ತನ್ನು. ಒಂದು ದೃಶ್ಯದ ಮುಂದೆ ನಾವು ಎಷ್ಟು ಹೊತ್ತು ಕೂತಿದ್ದೆವು, ಆ ಹೊತ್ತಿನಲ್ಲಿ ನಮ್ಮೊಳಗೆ ಏನೇನಾಗುತ್ತಿತ್ತು ಅನ್ನುವುದನ್ನು.

ನಮ್ಮಲ್ಲಿ ಬಹಳ ಜನಕ್ಕೆ ಅನಿಮೆ ಎಂಬ ಹೆಸರು ತಿಳಿಯುವ ಮೊದಲೇ ಅನಿಮೆ ಪರಿಚಯವಾಗಿತ್ತು. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ 'ಜಂಗಲ್ ಬುಕ್' ಅಪ್ಪಟ ಜಪಾನಿ ಸರಣಿ. 1989ರಲ್ಲಿ ನಿಪ್ಪಾನ್ ಆ್ಯನಿಮೇಷನ್ ತಯಾರಿಸಿದ್ದು, 52 ಕಂತು. ಕಥೆ ಕಿಪ್ಲಿಂಗನದು, ಕಾಡು ಮಧ್ಯಪ್ರದೇಶದ್ದು, ಚಿತ್ರ ಜಪಾನಿನದು, ಶೀರ್ಷಿಕೆ ಗೀತೆ ಗುಲ್ಜಾರ್ ಅವರದು, ಸಂಗೀತ ವಿಶಾಲ್ ಭಾರದ್ವಾಜ್ ಅವರದು. ಶೇರ್ ಖಾನ್ ಹುಲಿಗೆ ನಾನಾ ಪಾಟೇಕರ್ ದನಿ. ಕರ್ನಾಟಕದ ಹಳ್ಳಿಗಳಲ್ಲಿ ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ನೋಡಿದ ಎಷ್ಟೋ ಮಕ್ಕಳಿಗೆ ಹಿಂದಿಯೇ ಬರುತ್ತಿರಲಿಲ್ಲ. ಹಾಡು ಮಾತ್ರ ಬಾಯಿಪಾಠ. ಮಾತು ಅರ್ಥವಾಗದಿದ್ದರೆ ಕಣ್ಣು ಹೆಚ್ಚು ಕೆಲಸ ಮಾಡುತ್ತದೆ. ತೋಳಗಳು ಯಾಕೆ ಸಿಟ್ಟಾದವು, ಮೌಗ್ಲಿ ಯಾಕೆ ಒಬ್ಬನೇ ಕೂತಿದ್ದಾನೆ ಎಂಬುದನ್ನೆಲ್ಲ ಚಿತ್ರ ನೋಡಿಯೇ ಊಹಿಸಬೇಕಿತ್ತು. ನಮ್ಮ ಊಹೆಗಳು ಎಷ್ಟೋ ಸಲ ಮೂಲಕಥೆಗಿಂತ ಬೇರೆಯೇ ಆಗಿದ್ದವು ಅಂತ ನನಗೆ ಖಾತ್ರಿ ಇದೆ.

2016ರಲ್ಲಿ ಡಿಸ್ನಿಯ 'ದಿ ಜಂಗಲ್ ಬುಕ್' ಬಂತು. ನಿರ್ದೇಶಕ ಜಾನ್ ಫಾವ್ರೋ. ಆ ಸಿನಿಮಾಕ್ಕೂ ಜಪಾನಿ ಸರಣಿಗೂ ಯಾವ ಸಂಬಂಧವೂ ಇರಲಿಲ್ಲ. ಅದರ ಬೇರು ಕಿಪ್ಲಿಂಗನ ಪುಸ್ತಕದಲ್ಲಿ, ಡಿಸ್ನಿಯವರ ಹಳೆಯ ಕಾರ್ಟೂನಿನಲ್ಲಿ. ಆದರೆ ಭಾರತದಲ್ಲಿ ಅದನ್ನು ಬಿಡುಗಡೆ ಮಾಡುವಾಗ ಅವರೇನು ಮಾಡಿದರು ನೋಡಿ. ಗುಲ್ಜಾರ್ ಮತ್ತು ವಿಶಾಲ್ ಭಾರದ್ವಾಜರ ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಿಸಿ ಪ್ರಚಾರಕ್ಕೆ ಬಳಸಿದರು. ಹಿಂದಿ ಅವತರಣಿಕೆಯಲ್ಲಿ ಶೇರ್ ಖಾನ್‌ಗೆ ನಾನಾ ಪಾಟೇಕರರನ್ನೇ ಕರೆತಂದರು. ಅಮೆರಿಕಕ್ಕಿಂತ ಒಂದು ವಾರ ಮೊದಲೇ ಸಿನಿಮಾ ಇಲ್ಲಿ ತೆರೆಕಂಡಿತು. ಜನ ತಮ್ಮ ಮೌಗ್ಲಿ ವಾಪಸ್ ಬಂದ ಅಂತಲೇ ಮಕ್ಕಳನ್ನು ಕರೆದುಕೊಂಡು ಹೋದರು.

ಇನ್ನೊಂದು ವಿಷಯ. ಆ ಸಿನಿಮಾವನ್ನು ಲೈವ್ ಆಕ್ಷನ್ ಅನ್ನುತ್ತಾರೆ. ಅದರಲ್ಲಿ ಕ್ಯಾಮೆರಾ ಮುಂದೆ ನಿಜವಾಗಿ ನಿಂತದ್ದು ಹೆಚ್ಚುಕಡಿಮೆ ನೀಲ್ ಸೇಠಿ ಎಂಬ ಹುಡುಗ ಒಬ್ಬನೇ. ಚಿತ್ರೀಕರಣ ನಡೆದದ್ದು ಲಾಸ್ ಏಂಜಲಿಸ್‌ನ ಒಳಾಂಗಣದಲ್ಲಿ. ಮರ, ಹುಲ್ಲು, ಕರಡಿ, ಹುಲಿ ಎಲ್ಲ ಕಂಪ್ಯೂಟರಿನದು. ಅಂದರೆ ಅದೂ ಆ್ಯನಿಮೇಷನ್ನೇ. ಒಂದೊಂದು ರೋಮವನ್ನೂ ಬಿಡದೆ ತೋರಿಸುವ ಆ್ಯನಿಮೇಷನ್. ಹಳೆಯ ಸರಣಿಯಲ್ಲಿ ಹುಲಿಯ ಮೈಮೇಲೆ ನಾಲ್ಕು ಪಟ್ಟೆ ಎಳೆದು ಬಿಟ್ಟಿದ್ದರು. ಉಳಿದ ಹುಲಿಯನ್ನು ಪೂರ್ತಿ ಮಾಡಿದವರು ನೋಡುತ್ತಿದ್ದ ಮಕ್ಕಳು.

ಈಗ ಗೋಕು ಹತ್ತಿರ ಬರೋಣ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 'ಡ್ರ್ಯಾಗನ್ ಬಾಲ್ ಝೀ' ಅನಿಮೆ ನೋಡಿದವರಿಗೆ ಅದರ ನಾಯಕ ಗೋಕು ಶಕ್ತಿ ತುಂಬಿಕೊಳ್ಳುವ ದೃಶ್ಯ ನೆನಪಿರುತ್ತದೆ. ಕಾಲು ಅಗಲಿಸಿ ನಿಲ್ಲುತ್ತಾನೆ. ಮುಷ್ಟಿ ಬಿಗಿ. ನೆಲದ ಸಣ್ಣಸಣ್ಣ ಕಲ್ಲುಗಳು ಮೆಲ್ಲಗೆ ಮೇಲೇಳುತ್ತವೆ. ಮೈ ಸುತ್ತ ಹಳದಿ ಜ್ವಾಲೆ. ಕೂಗು ಶುರುವಾಗುತ್ತದೆ, ನಿಲ್ಲುವುದೇ ಇಲ್ಲ. ನಡುವೆ ಶತ್ರುವಿನ ಬೆವರಿದ ಮುಖ, ದೂರದಲ್ಲೆಲ್ಲೋ ಅದನ್ನು ಗ್ರಹಿಸಿ ತಲೆಯೆತ್ತುವ ಗೆಳೆಯರು, ಮತ್ತೆ ಗೋಕು, ಮತ್ತೆ ಅದೇ ಕೂಗು. ಅಷ್ಟರಲ್ಲಿ ಕಂತು ಮುಗಿಯುತ್ತದೆ. ನಾಮೆಕ್ ಗ್ರಹ ಇನ್ನು ಐದೇ ನಿಮಿಷದಲ್ಲಿ ಸಿಡಿಯುತ್ತದೆ ಎಂದು ಖಳನಾಯಕ ಫ್ರೀಝಾ ಹೇಳಿದ ಮೇಲೆ ಆ ಐದು ನಿಮಿಷ ಎಷ್ಟು ಕಂತು ನಡೆಯಿತು ಅನ್ನುವುದು ಅಭಿಮಾನಿಗಳಿಗೆಲ್ಲ ಗೊತ್ತು.

ಹೀಗಾಗಲು ಕಾರಣವಿತ್ತು. ಗೋಕುವನ್ನು ಸೃಷ್ಟಿಸಿದ ಅಕಿರಾ ತೋರಿಯಾಮಾ ಪ್ರತಿವಾರ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಬರೆಯುತ್ತಿದ್ದರು. ತೋಎಯಿ ಸ್ಟುಡಿಯೋ ಅದರ ಬೆನ್ನಿಗೇ ಅನಿಮೆ ಮಾಡುತ್ತಿತ್ತು. ಅನಿಮೆ ಮಾಂಗಾವನ್ನು ಹಿಡಿದುಬಿಟ್ಟರೆ ಮುಂದಿನ ಕಥೆಯೇ ಇಲ್ಲ. ಹಾಗಾಗಿ ಎಳೆಯಲೇಬೇಕು. ಇನ್ನೊಂದು ಕಾರಣ ಹಣದ್ದು, ಅದು ಇನ್ನೂ ಹಳೆಯದು. 1963ರ ಜನವರಿ 1ರಂದು ಒಸಾಮು ತೆಝುಕಾ ಅವರ 'ಆಸ್ಟ್ರೋ ಬಾಯ್' ಜಪಾನಿನ ಟಿವಿಯಲ್ಲಿ ಶುರುವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು, ಕೈಯಲ್ಲಿ ಹಣ ಕಡಿಮೆ, ಸಮಯ ಇನ್ನೂ ಕಡಿಮೆ. ಸೆಕೆಂಡಿಗೆ 24 ಫ್ರೇಮ್ ಓಡುವ ಫಿಲ್ಮಿನಲ್ಲಿ ಒಂದೇ ಚಿತ್ರವನ್ನು ಮೂರು ಫ್ರೇಮ್ ಇಟ್ಟರು, ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ಮಾತಾಡುವಾಗ ಬಾಯಿ ಮಾತ್ರ ಅಲುಗಾಡಿಸಿದರು. ಹಾರುವ ದೃಶ್ಯ ಒಮ್ಮೆ ಬರೆದಿಟ್ಟುಕೊಂಡು ಬೇಕಾದಾಗಲೆಲ್ಲ ಬಳಸಿದರು. ಕೆಲವೊಮ್ಮೆ ಚಿತ್ರವನ್ನು ಸುಮ್ಮನೆ ನಿಲ್ಲಿಸಿ ಅದರ ಮೇಲೆ ಕ್ಯಾಮೆರಾ ಸರಿಸಿದರು. ಬಡತನದಲ್ಲಿ ಹುಟ್ಟಿದ ಈ ನಿಲುಗಡೆ ನಿಧಾನಕ್ಕೆ ಒಂದು ಶೈಲಿಯಾಯಿತು. ಕಣ್ಣಿನ ಮೇಲೆ ನಿಂತ ಚಿತ್ರ, ಗಾಳಿಗೆ ಕೂದಲು ಮಾತ್ರ ಅಲುಗಾಡುವುದು, ಸಂಜೆಯ ಆಕಾಶದಡಿ ಕರೆಂಟ್ ಕಂಬ, ಸದ್ದಿಲ್ಲ. ಬೇರೆ ಕಾರ್ಟೂನ್‌ಗಳು ಓಡುತ್ತಲೇ ಇದ್ದಾಗ ಅನಿಮೆ ನಿಲ್ಲುವುದನ್ನು ಕಲಿಯಿತು.

ಕರಾವಳಿಯವರು, ಮಲೆನಾಡಿನವರು ಇದನ್ನು ಬೇಗ ಹಿಡಿಯುತ್ತೀರಿ. ಯಕ್ಷಗಾನದಲ್ಲಿ ಬಣ್ಣದ ವೇಷ ನೇರವಾಗಿ ರಂಗಕ್ಕೆ ಬರುವುದಿಲ್ಲ. ಮೊದಲು ತೆರೆಯ ಹಿಂದೆ ಅಬ್ಬರ. ಚೆಂಡೆ ಏರುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಂಡು ಮರೆಯಾಗುತ್ತದೆ. ಕೈ ಕಾಣುತ್ತದೆ. ಮತ್ತೆ ಅಬ್ಬರ. ಮುಂದೆ ಕೂತ ಮಗು ಅಮ್ಮನ ಸೆರಗು ಹಿಡಿದಿರುತ್ತದೆ. ಆ ತೆರೆ ಕುಣಿತವನ್ನು ಕತ್ತರಿಸಿ ರಾವಣನನ್ನು ಹತ್ತು ಸೆಕೆಂಡಿನಲ್ಲಿ ರಂಗಕ್ಕೆ ತಂದು ನಿಲ್ಲಿಸಿದರೆ ಕಿರೀಟ ಎಷ್ಟೇ ಚೆನ್ನಾಗಿರಲಿ, ಅವನು ರಾವಣನಲ್ಲ. ಗೋಕುವಿನ ಕೂಗು ಅದೇ ತೆರೆ ಕುಣಿತ.

2009ರ ಲೈವ್ ಆಕ್ಷನ್ ಸಿನಿಮಾ 'ಡ್ರ್ಯಾಗನ್‌ಬಾಲ್ ಎವಲ್ಯೂಷನ್' ಈ ತೆರೆಯನ್ನೇ ಕಿತ್ತೆಸೆಯಿತು. ಕಾಡಿನಲ್ಲಿ ಬೆಳೆದ, ಲೋಕದ ರೀತಿನೀತಿ ಗೊತ್ತಿಲ್ಲದ ಗೋಕು ಅಲ್ಲಿ ಅಮೆರಿಕದ ಹೈಸ್ಕೂಲ್ ಹುಡುಗ. ಇಡೀ ಕಥೆ ಒಂದೂವರೆ ಗಂಟೆಯೊಳಗೆ. ಚಿತ್ರಕಥೆ ಬರೆದ ಬೆನ್ ರಾಮ್ಸೆ 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದರು. ತಾನು ಅಭಿಮಾನಿಯಾಗಿ ಬರೆಯದೆ ದೊಡ್ಡ ಸಂಭಾವನೆಗಾಗಿ ಬರೆದೆ ಎಂದು ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದಕ್ಕೆ ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಸಿನಿಮಾದಿಂದ ಒಂದು ಒಳ್ಳೆಯದೂ ಆಯಿತು. ತನ್ನ ಸಲಹೆ ಕೇಳದೆ ಮಾಡಿದ ಆ ಸಿನಿಮಾದಿಂದ ಬೇಸರಗೊಂಡ ತೋರಿಯಾಮಾ ತಮ್ಮ ಲೋಕಕ್ಕೆ ತಾವೇ ಮರಳಿದರು. 2013ರಲ್ಲಿ 'ಬ್ಯಾಟಲ್ ಆಫ್ ಗಾಡ್ಸ್' ಎಂಬ ಅನಿಮೆ ಸಿನಿಮಾ ಬಂತು. 2024ರ ಮಾರ್ಚ್‌ನಲ್ಲಿ ಅವರು ತೀರಿಕೊಳ್ಳುವವರೆಗೂ ಗೋಕು ಅವರ ಜೊತೆಗಿದ್ದ.

'ಕೌಬಾಯ್ ಬೀಬಾಪ್' ನನಗೆ ಹೆಚ್ಚು ನೋವು ಕೊಟ್ಟದ್ದು. ಯಾಕೆಂದರೆ ಅಲ್ಲಿ ಅಸಡ್ಡೆ ಇರಲಿಲ್ಲ. 1998ರ ಮೂಲ ಅನಿಮೆ ಸರಣಿಗೆ ಸಂಗೀತ ಕೊಟ್ಟ ಯೋಕೋ ಕನ್ನೋ ಅವರೇ 2021ರ ನೆಟ್‌ಫ್ಲಿಕ್ಸ್ ಲೈವ್ ಆಕ್ಷನ್ ಸರಣಿಗೂ ಸಂಗೀತ ಕೊಟ್ಟರು. ಆರಂಭದ ಹಾಡು ಅದೇ. ನೀಲಿ ಸೂಟು ಅದೇ. ನಾಯಕ ಸ್ಪೈಕ್ ಆದ ಜಾನ್ ಚೋ ಒಳ್ಳೆಯ ನಟ. ಆದರೆ ಮೂಲದಲ್ಲಿ ಸ್ಪೈಕ್ ಸಿಗರೇಟು ಹಚ್ಚಿ ಸುಮ್ಮನೆ ನಿಲ್ಲುತ್ತಿದ್ದ. ಅವನ ಹಿಂದಿನ ಬದುಕು ತುಣುಕುಗಳಲ್ಲಿ ಬರುತ್ತಿತ್ತು, ಒಂದು ಗುಲಾಬಿ, ಒಂದು ಚರ್ಚು, ಒಬ್ಬ ಹೆಂಗಸು. ಯಾರೂ ವಿವರಿಸುತ್ತಿರಲಿಲ್ಲ. ಹೊಸ ಸರಣಿ ಪ್ರತಿಯೊಂದನ್ನೂ ವಿವರಿಸಿತು. ಖಳನಾಯಕನ ಸಂಸಾರದ ಕಥೆಯನ್ನೂ ಹೇಳಿತು. ಬಿಡುಗಡೆಯಾಗಿ ಮೂರು ವಾರ ತುಂಬುವ ಮೊದಲೇ ಮುಂದಿನ ಸೀಸನ್ ಇಲ್ಲ ಎಂಬ ಘೋಷಣೆ ಬಂತು. ಮೂಲದ ನಿರ್ದೇಶಕ ಶಿನಿಚಿರೋ ವತಾನಬೆ, ತಾನು ಮೊದಲ ದೃಶ್ಯ ನೋಡಿ ನಿಲ್ಲಿಸಿಬಿಟ್ಟೆ ಎಂದು ಆಮೇಲೆ ಸಂದರ್ಶನವೊಂದರಲ್ಲಿ ಹೇಳಿದರು.

ಹಾಗಾದರೆ ಇದು ಆಗದ ಕೆಲಸವೇ? ಖಂಡಿತ ಅಲ್ಲ. 'ರುರೌನಿ ಕೆನ್ಶಿನ್' ನೋಡಿ. 2012ರಲ್ಲಿ ಕೇಯಿಶಿ ಓತೋಮೋ ನಿರ್ದೇಶಿಸಿದ ಮೊದಲ ಸಿನಿಮಾ ಬಂತು, 2014ರಲ್ಲಿ ಎರಡು, 2021ರಲ್ಲಿ ಎರಡು, ಒಟ್ಟು ಐದು. ಇನ್ನು ಕೊಲ್ಲುವುದಿಲ್ಲ ಎಂದು ಶಪಥ ಮಾಡಿ, ಅಲಗು ಹಿಂದುಮುಂದಾದ ಕತ್ತಿ ಹಿಡಿದು ಅಲೆಯುವ ಮಾಜಿ ಹಂತಕ ಕೆನ್ಶಿನ್. ಅನಿಮೆಯಲ್ಲಿ ಅವನ ವೇಗವನ್ನು ತೋರಿಸುತ್ತಿದ್ದದ್ದು ಗೆರೆಗಳಿಂದ. ಅವನು ಮಾಯವಾಗುತ್ತಾನೆ, ಗೆರೆಗಳು ಹರಿಯುತ್ತವೆ, ಮುಂದಿನ ಚಿತ್ರದಲ್ಲಿ ಎದುರಾಳಿ ಬಿದ್ದಿರುತ್ತಾನೆ. ಆ ಗೆರೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವ ದಾರಿ ಇತ್ತು. ಸಾಹಸ ನಿರ್ದೇಶಕ ಕೆಂಜಿ ತಾನಿಗಾಕಿ ಆ ದಾರಿ ಹಿಡಿಯಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಸಾಹಸ ನಟ ಡಾನಿ ಯೆನ್ ಜೊತೆ ಕೆಲಸ ಮಾಡಿ ಪಳಗಿದವರು ಅವರು. ನಾಯಕ ತಕೇರು ಸತೋ ಅವರ ದೇಹವನ್ನೇ ಗೆರೆಯಾಗಿಸಿದರು. ಸತೋ ನೆಲಕ್ಕೆ ಬಾಗಿ ಓಡುತ್ತಾರೆ. ತಿರುವಿನಲ್ಲಿ ಪಾದ ಜಾರಿಸಿಕೊಂಡು ಒಂದು ಕೈ ನೆಲಕ್ಕೆ ಊರಿ ಸುತ್ತುತ್ತಾರೆ, ಆ ರಭಸಕ್ಕೆ ಧೂಳೇಳುತ್ತದೆ. ಹೊಡೆದಾಟಕ್ಕೆ ಮೊದಲು ಮಾತ್ರ ಅವರು ಅಲುಗಾಡದೆ ನಿಲ್ಲುತ್ತಾರೆ. ಕೈ ಕತ್ತಿಯ ಹಿಡಿಯ ಹತ್ತಿರ, ಕಣ್ಣು ಕೆಳಗೆ. ನಿಲುಗಡೆ ಉಳಿದಿತ್ತು, ಅದಕ್ಕೇ ವೇಗವೂ ಬಂತು.

2021ರ 'ದಿ ಫೈನಲ್'ನಲ್ಲಿ ಕೆನ್ಶಿನ್‌ನ ಎದುರಾಳಿ ಎನಿಶಿಯಾಗಿದ್ದವರು ಮಕೆನ್ಯು. ಎರಡು ವರ್ಷದ ನಂತರ ಅವರೇ ಮೂರು ಕತ್ತಿ ಹಿಡಿದು, ಕಡಲ್ಗಳ್ಳರ ಕಥೆಯಾದ ನೆಟ್‌ಫ್ಲಿಕ್ಸ್‌ನ ಲೈವ್ ಆಕ್ಷನ್ ಸರಣಿ 'ಒನ್ ಪೀಸ್'ನ ಝೋರೋ ಆದರು. ಆ ಸರಣಿ ಗೆದ್ದದ್ದಕ್ಕೆ ಜನ ಹೇಳುವ ಕಾರಣ ಮೂಲಕರ್ತ ಐಚಿರೋ ಓಡಾ ಅವರ ಹಿಡಿತ. ತನಗೆ ತೃಪ್ತಿಯಾಗುವವರೆಗೆ ಬಿಡುಗಡೆ ಮಾಡುವುದಿಲ್ಲ ಎಂದು ನೆಟ್‌ಫ್ಲಿಕ್ಸ್ ಒಪ್ಪಿದೆ ಎಂದು ಓಡಾ ಅಭಿಮಾನಿಗಳಿಗೆ ಪತ್ರ ಬರೆದಿದ್ದರು. ಅದು ನಿಜ, ಮುಖ್ಯ ಕೂಡ. ಕೇಪ್‌ಟೌನ್‌ನಲ್ಲಿ ಹಡಗುಗಳನ್ನು ಮರದಲ್ಲಿ ಕಟ್ಟಿಸಿದ್ದರು, ನಟರು ಕೈಯಿಂದ ಮುಟ್ಟಬಹುದಾದ ಹಡಗುಗಳು. ಆದರೆ ನನಗೆ ನಂಬಿಕೆ ಬಂದದ್ದು ನಾಮಿಯ ದೃಶ್ಯದಲ್ಲಿ. ತನ್ನ ಊರನ್ನು ಬಿಡಿಸಿಕೊಳ್ಳಲು ವರ್ಷಗಟ್ಟಲೆ ಶತ್ರುವಿನ ಕೆಳಗೆ ದುಡಿದ ಹುಡುಗಿ ಮೋಸ ಹೋದದ್ದು ಗೊತ್ತಾಗಿ, ಭುಜದ ಮೇಲಿನ ಆ ಶತ್ರುವಿನ ಹಚ್ಚೆಯನ್ನು ಚಾಕುವಿನಿಂದ ಇರಿದುಕೊಳ್ಳುತ್ತಾಳೆ. ಕಥೆಯ ನಾಯಕ ಲೂಫಿ ಅವಳ ಕೈ ಹಿಡಿದು ತಡೆಯುತ್ತಾನೆ. ಅವಳು ಸಹಾಯ ಕೇಳುತ್ತಾಳೆ, ಹುಟ್ಟಿದ ಮೇಲೆ ಮೊದಲ ಸಲವೋ ಎಂಬಂತೆ. ಯಾರಿಗೂ ಮುಟ್ಟಲು ಬಿಡದ ತನ್ನ ಹುಲ್ಲಿನ ಟೋಪಿಯನ್ನು ಅವನು ಅವಳ ತಲೆಗೆ ಇಡುತ್ತಾನೆ. ಅನಿಮೆಯ 40ಕ್ಕೂ ಹೆಚ್ಚು ಕಂತುಗಳನ್ನು ಎಂಟು ಕಂತಿಗೆ ಇಳಿಸುವಾಗ ಎಷ್ಟೋ ಪಾತ್ರ, ಎಷ್ಟೋ ಜಗಳ ಕೈಬಿಟ್ಟರು. ಇಲ್ಲಿ ಮಾತ್ರ ಅವಸರ ಮಾಡಲಿಲ್ಲ. ನಾಮಿಯಾದ ಎಮಿಲಿ ರಡ್ ಅವರ ಮುಖದ ಮೇಲೆ ಕ್ಯಾಮೆರಾ ನಿಂತಿತು. ಲೂಫಿಯ ಜೊತೆಗಾರರಲ್ಲಿ ಉಸೋಪ್‌ಗೆ ಅನಿಮೆಯ ಉದ್ದ ಮೂಗು ಇಲ್ಲ, ಸಾಂಜಿಗೆ ಸುರುಳಿ ಹುಬ್ಬು ಇಲ್ಲ, ಆ ಕ್ಷಣದಲ್ಲಿ ಅದು ಯಾರಿಗೆ ಬೇಕಿತ್ತು?

ಇನ್ನೊಂದು ಸಿನಿಮಾದ ಪರ ವಾದಿಸದೆ ಇಳಿಯಲಾರೆ. ಹಳೆಯ ಅನಿಮೆಯೊಂದನ್ನು ಆಧರಿಸಿ ನಿರ್ದೇಶಕರಾದ ವಚೌಸ್ಕಿಗಳು 2008ರಲ್ಲಿ ಮಾಡಿದ 'ಸ್ಪೀಡ್ ರೇಸರ್'. ಸೋತ ಸಿನಿಮಾ, ಹಾಕಿದ ಹಣ ವಾಪಸ್ ಬರಲಿಲ್ಲ, ವಿಮರ್ಶಕರು ಕಣ್ಣು ನೋಯುತ್ತದೆ ಎಂದರು. ವಚೌಸ್ಕಿಗಳು ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಸ್ಪಷ್ಟತೆಯಲ್ಲಿ ಇಟ್ಟರು, ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ. ಹಳೆಯ ಅನಿಮೆ ತಯಾರಾಗುತ್ತಿದ್ದದ್ದು ಹಾಗೇ, ಹಿನ್ನೆಲೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು. ಅದು ಕಾರ್ಟೂನನ್ನು ನಿಜದ ಹಾಗೆ ಕಾಣಿಸಲು ಹೋಗಲಿಲ್ಲ, ನಿಜವನ್ನೇ ಕಾರ್ಟೂನಿನ ನಿಯಮಕ್ಕೆ ತಂದಿತು. ಇವತ್ತು ಅದನ್ನು ಮತ್ತೆ ನೋಡಿ. ದಯವಿಟ್ಟು ದೊಡ್ಡ ಪರದೆಯಲ್ಲಿ.

ಕೊನೆಯದಾಗಿ, ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿಷಯ. 'ಆಸ್ಟ್ರೋ ಬಾಯ್' ಮಾಂಗಾಕ್ಕೆ ಅನಿಮೆಗಿಂತ ಮೊದಲೇ, 1959ರಲ್ಲೇ, ಜಪಾನಿನ ಟಿವಿಯಲ್ಲಿ ಲೈವ್ ಆಕ್ಷನ್ ಸರಣಿ ಬಂದಿತ್ತು. 'ಡೆತ್ ನೋಟ್' ಮೊದಲ ಜಪಾನಿ ಸಿನಿಮಾ 2006ರ ಜೂನ್‌ನಲ್ಲಿ, ಅನಿಮೆ ಶುರುವಾದದ್ದು ಅದೇ ಅಕ್ಟೋಬರ್‌ನಲ್ಲಿ. ಅಲ್ಲಿನ ಎಷ್ಟೋ ಮಕ್ಕಳಿಗೆ ಮನುಷ್ಯರ ಮುಖವೇ ಮೊದಲು, ಗೆರೆ ಆಮೇಲೆ. ಈಗ ನಮ್ಮ ಮನೆಗಳಲ್ಲೂ ಅದೇ ಆಗುತ್ತಿದೆ. ನೆಟ್‌ಫ್ಲಿಕ್ಸ್ ಸರಣಿಯ ನಟ ಇನ್ಯಾಕಿ ಗೊಡೋಯ್ ಅವರ ನಗುವಿನಲ್ಲಿ ಲೂಫಿಯನ್ನು ಮೊದಲು ಕಂಡ ಹತ್ತು ವರ್ಷದ ಹುಡುಗಿಗೆ ಅವನೇ ಮೂಲ. ಅವಳು ಮುಂದೊಂದು ದಿನ 1999ರ ಅನಿಮೆ ಹಾಕಿ, 'ಇದೇನು, ಉಸೋಪ್ ಮೂಗು ಇಷ್ಟುದ್ದ?' ಅಂತ ದೂರುತ್ತಾಳೆ. ಆಗ ಅವಳನ್ನು ತಿದ್ದಲು ಹೋಗಬೇಡಿ, ಪಕ್ಕದಲ್ಲಿ ಕೂತು ಮುಂದಿನ ಕಂತು ಹಾಕಿ.

ನಮಸ್ಕಾರ.