ಎರಡು ವರ್ಷದ ಮಗುವಿನ ಚಂದ್ರಯಾನ

ಕೇಳುಗರಿಗೆ ನಮಸ್ಕಾರ. ವೈಜ್ಞಾನಿಕ ಕಥೆಗಳನ್ನು ಓದಿ ಬೆಳೆದ ಅಪ್ಪ ಅಮ್ಮಂದಿರಿಗೆ ಒಂದು ಆತುರ ಇದ್ದೇ ಇರುತ್ತದೆ, ಮಗುವಿಗೂ ಆ ರುಚಿ ಹಿಡಿಯಬೇಕು ಅಂತ. ಹಿಡಿಯಲಿ. ಆದರೆ ಎರಡು ವರ್ಷದ ಮಗುವಿಗೆ ಅನ್ಯಗ್ರಹದ ಯುದ್ಧ ಬೇಡ. ಅದಕ್ಕೆ ಬೇಕಿರುವುದು ಹತ್ತುವುದು, ಇಳಿಯುವುದು, ಉರುಳಿಸುವುದು. ಕಥೆ ನಿಮ್ಮ ತಲೆಯಲ್ಲಿರಲಿ, ಮಗುವಿನ ಕೈಗೆ ಕೆಲಸ ಕೊಡಿ.

2023ರ ಆಗಸ್ಟ್ 23ರ ಸಂಜೆ ನೆನಪಿದೆಯಲ್ಲ? ಚಂದ್ರಯಾನ-3ರ ನೌಕೆ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಅದರ ಹೊಟ್ಟೆಯೊಳಗಿಂದ ಆರು ಚಕ್ರದ ಪುಟ್ಟ ಗಾಡಿ ಪ್ರಜ್ಞಾನ್ ಇಳಿಜಾರು ಹಲಗೆ ಹಿಡಿದು ಕೆಳಗೆ ಬಂತು. ನಡಿಗೆ ಎಷ್ಟು ನಿಧಾನ ಗೊತ್ತೇ, ಸೆಕೆಂಡಿಗೆ ಒಂದೇ ಸೆಂಟಿಮೀಟರ್! ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ಒಂದು ಕುಳಿ ಕಂಡಿತು, ನಾಲ್ಕು ಮೀಟರ್ ಅಗಲದ್ದು. ಬಂದ ದಾರಿಯಲ್ಲೇ ವಾಪಸ್ ಹೋಗು ಅಂತ ಭೂಮಿಯಿಂದ ಆಜ್ಞೆ ಹೋಯಿತು. ಪ್ರಜ್ಞಾನ್ ಹಿಂದೆ ಸರಿದು ಬೇರೆ ದಾರಿ ಹಿಡಿಯಿತು. ಸೆಪ್ಟೆಂಬರ್ 3ರಂದು ವಿಕ್ರಮ್ ಕೂಡ ಸುಮಾರು 40 ಸೆಂಟಿಮೀಟರ್ ಮೇಲೆದ್ದು, ಪಕ್ಕದಲ್ಲೇ ಮತ್ತೆ ಇಳಿಯಿತು. ಜಾರುವುದು, ಗುಂಡಿ, ಹಿಂದೆ ಬರುವುದು, ಕುಪ್ಪಳಿಸುವುದು. ಮಗುವಿಗೆ ಇನ್ನೇನು ಬೇಕು ಹೇಳಿ!

ಮನೆಯಲ್ಲಿ ಆಟಿಕೆ ಕಾರು ಇಳಿಯಲು ಇಂಥದೇ ಇಳಿಜಾರು ಹಲಗೆ ಹೀಗೆ ಮಾಡಿ. ದಪ್ಪ ರಟ್ಟಿನ ಡಬ್ಬದ ಪಿನ್ನುಗಳನ್ನೆಲ್ಲ ಕಿತ್ತುಬಿಡಿ. ಒಂದು ಬದಿಯಿಂದ ಒಂದು ಗೇಣು ಅಗಲ, ಮೂರು ಗೇಣು ಉದ್ದದ ಪಟ್ಟಿ ಕತ್ತರಿಸಿ. ರಟ್ಟಿನೊಳಗಿನ ಗೆರೆಗಳು ಪಟ್ಟಿಯ ಉದ್ದಕ್ಕೆ ಓಡಬೇಕು. ಅಡ್ಡಕ್ಕೆ ಓಡಿದರೆ ನಡುವೆ ಕುಸಿಯುತ್ತದೆ, ಕಾರು ಅಲ್ಲೇ ನಿಂತು ಮಗು ಅಳುತ್ತದೆ. ಪಟ್ಟಿಯ ಒಂದು ತುದಿಯನ್ನು ಎರಡು ದಪ್ಪ ಪುಸ್ತಕಗಳ ಮೇಲಿಟ್ಟು ಟೇಪ್ ಹಚ್ಚಿ. ನಾಲ್ಕು ಪುಸ್ತಕ ಇಟ್ಟರೆ ಕಡಿದಾಗಿ ಕಾರು ಮಗುಚುತ್ತದೆ. ಪಟ್ಟಿಯ ಕೆಳತುದಿಗೆ ಒಂದು ತಟ್ಟೆ ಇಟ್ಟು ಅದರಲ್ಲಿ ಚಪಾತಿ ಹಿಟ್ಟು ಹರಡಿ, ಹೆಬ್ಬೆರಳಿನಿಂದ ಕುಳಿ ಒತ್ತಿ. ಹಿಟ್ಟು ಗಟ್ಟಿಯಾಗಿರಲಿ, ಮೆತ್ತಗಾದರೆ ಚಕ್ರಕ್ಕೆ ಅಂಟುತ್ತದೆ. ಉಪ್ಪು ಹಾಕಬೇಡಿ, ಮಗು ಬಾಯಿಗಿಟ್ಟೇ ಇಡುತ್ತದೆ.

ಇನ್ನು ಬಾಯಿ ಮುಚ್ಚಿಕೊಂಡಿರಿ! ಎರಡೇ ಮಾತು ಸಾಕು, "ಗುಂಡಿ ಬಂತು", "ಹಿಂದೆ ಬಾ". ದಯವಿಟ್ಟು ಗುರುತ್ವಾಕರ್ಷಣೆ ವಿವರಿಸಬೇಡಿ. ಮಗು ಕಾರನ್ನು ಬಿಟ್ಟು ಡಬ್ಬದೊಳಗೆ ಕೂತರೆ ಕೂರಲಿ. ಕಥೆ ನಿಮ್ಮದು, ಕೆಲಸ ಮಗುವಿನದು.

ಸಮಯ ಕಡಿಮೆ ಇದೆ, ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಗಗನಯಾತ್ರಿಯ ಶಿರಸ್ತ್ರಾಣ ಅಂತ ಪ್ಲಾಸ್ಟಿಕ್ ಚೀಲವನ್ನು ಎಂದೂ ತಲೆಗೆ ಹಾಕಬೇಡಿ, ಉಸಿರು ಕಟ್ಟುತ್ತದೆ. ಮಿನುಗುವ ಆಟಿಕೆಯಲ್ಲಿ ಅಂಗಿಯ ಗುಂಡಿಯಾಕಾರದ ಬ್ಯಾಟರಿ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ನುಂಗಿದರೆ ಅನ್ನನಾಳ ಸುಡುತ್ತದೆ, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ. ನಮಸ್ಕಾರ.